ಖಾಲಿ ಡಬ್ಬಿಗೆ ಸಾಕ್ಷಿ

ನಮ್ಮ ಕಟ್ಟಡದ ನೆಲಮಹಡಿಯಲ್ಲಿದ್ದ ಮುದುಕ ಬೆರ್ನೋ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕಣ್ಣು ಅಗಲಿಸಿಕೊಂಡು, ಹಠ ಹಿಡಿದವನಂತೆ ಎಚ್ಚರವಾಗಿ ಕೂತಿರುತ್ತಿದ್ದ. ಅವನ ದೇಶದಲ್ಲಿ ಮಧ್ಯಾಹ್ನದ ನಿದ್ದೆ ನಿಂತುಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಏನೋ ಹೊಸ ಹುರುಪು ಬಂದಿತ್ತಂತೆ, ಯಾರಿಗೂ ಮಲಗಲು ಪುರುಸೊತ್ತಿರಲಿಲ್ಲವಂತೆ. ಅಲ್ಲಿ ನಿಂತದ್ದು ಇಲ್ಲೂ ನಿಲ್ಲಬೇಕು. ವಾಡಿಕೆ ಕಚೇರಿಯವರು ಒಂದು ಬೆಳಿಗ್ಗೆ ಬಂದು ಅವನ ದಿಂಬಿಗೆ ಅರಗಿನ ಮುದ್ರೆ ಒತ್ತಿ, ತುಂಬ ವಿನಯದಿಂದ ಕೈಕುಲುಕಿ ಹೋಗಿದ್ದರು. "ನನಗೇನೂ ಬೇಜಾರಿಲ್ಲ," ಎನ್ನುತ್ತಿದ್ದ ಬೆರ್ನೋ, ಆಕಳಿಕೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಳ್ಳುತ್ತ. "ನನ್ನ ತಮ್ಮನ ಮಕ್ಕಳಲ್ಲಿ ಒಬ್ಬರಾದರೂ ಅಲ್ಲಿ ಹತ್ತು ನಿಮಿಷ ಒರಗಿದ್ದರೆ ಸಾಕಿತ್ತು. ಸ್ವಾರ್ಥಿಗಳು."

ಈ ಊರಿಗೆ ಬಂದಿಳಿದ ದಿನ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನನಗೂ ಕೇಳಿದ್ದರು: ನಿಮ್ಮ ದೇಶದಿಂದ ಯಾವ ವಾಡಿಕೆ ತಂದಿದ್ದೀರಿ? ಒಬ್ಬರಿಗೆ ಒಂದೇ. ಅದನ್ನು ಬರೆದುಕೊಟ್ಟರೆ ಪರವಾನಗಿ ಸಿಗುತ್ತದೆ, ನೀವಿರುವ ಕಟ್ಟಡದ ಹಲಗೆಯ ಮೇಲೆ ನಿಮ್ಮ ಹೆಸರಿನ ಮುಂದೆ ಅದನ್ನು ಬರೆಸುತ್ತಾರೆ. ಏಳು ವರ್ಷಕ್ಕೊಮ್ಮೆ ಪರೀಕ್ಷೆ, ಅದಕ್ಕೆ ನಿಮ್ಮ ದೇಶದಿಂದ ಒಬ್ಬ ಸಾಕ್ಷಿ ಬರಬೇಕು. ಆ ವಾಡಿಕೆ ನಿಮ್ಮ ದೇಶದಲ್ಲಿ ಇನ್ನೂ ನಡೆಯುತ್ತಿದ್ದರೆ ಸರಿ, ಇಲ್ಲದಿದ್ದರೆ ಅರಗು, ಮುದ್ರೆ, ಕೈಕುಲುಕು. ಹಾಗಾಗಿ ಸಂಜೆ ಹೊತ್ತು ಊರಿನ ಯಾವ ಬೀದಿಯಲ್ಲಿ ನಡೆದರೂ ಕಿಟಕಿಗಳಿಂದ ಫೋನಿನಲ್ಲಿ ಅಂಗಲಾಚುವ ದನಿಗಳೇ ಕೇಳುತ್ತವೆ. ಹತ್ತಾರು ಭಾಷೆಗಳಲ್ಲಿ ಒಂದೇ ಮಾತು: ವಾರಕ್ಕೊಂದು ಸಲವಾದರೂ ಮಾಡಿ, ನನ್ನ ಸಲುವಾಗಿ ಮಾಡಿ, ಮನಸ್ಸಿಲ್ಲದಿದ್ದರೂ ಮಾಡಿ.

ನಮ್ಮ ಭಾಷೆಯವರು ಇಲ್ಲಿ ಮೂರೇ ಜನ. ವಸುಂಧರಾ ಟೀಚರು ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚುವುದನ್ನು ತಂದಿದ್ದರು. ಸಾಕ್ಷಿಯಾಗಿ ಬಂದ ಅವರ ತಂಗಿ ಹೊಸ ಸೀರೆಯ ಕವರು ಹರಿದವಳೇ ಉಟ್ಟುಕೊಂಡು ಕನ್ನಡಿಯ ಮುಂದೆ ನಿಂತುಬಿಟ್ಟಳು, ಟೀಚರ ಅರಿಶಿನದ ಭರಣಿಗೆ ಅರಗು ಬಿತ್ತು. ಹೂದೋಟದಲ್ಲಿ ಕೆಲಸ ಮಾಡುವ ಗುರುಸಿದ್ದ ತಂದದ್ದು, ಹೊರಡುತ್ತೇನೆ ಎಂದ ಮೇಲೆ ಬಾಗಿಲಲ್ಲಿ ನಿಂತು ಇನ್ನೂ ಅರ್ಧ ಗಂಟೆ ಮಾತಾಡುವುದನ್ನು. ಅವನ ಅಣ್ಣ ಸಾಕ್ಷಿಯಾಗಿ ಬಂದು, ಪರೀಕ್ಷೆ ಮುಗಿಸಿ ಹೊರಟ ಅಧಿಕಾರಿಗಳನ್ನೇ ಹೊಸ್ತಿಲ ಮೇಲೆ ಒಂದೂಮುಕ್ಕಾಲು ಗಂಟೆ ನಿಲ್ಲಿಸಿಕೊಂಡ. ಗುರುಸಿದ್ದನದು ಆಜೀವ ಪರವಾನಗಿ.

ನನ್ನದು ಡಬ್ಬಿ. ಬಂದಿಳಿದ ದಿನ ಫಾರಮ್ಮು ತುಂಬುವಾಗ ತೊಡೆಯ ಮೇಲೆ ಅವ್ವನ ಸ್ಟೀಲ್ ಡಬ್ಬಿ ಇತ್ತು, ಮುಚ್ಚಳದ ಮೇಲೆ ಅವಳ ಹೆಸರು ಕೆತ್ತಿಸಿದ್ದು, 'ಗೌರವ್ವ' ಅಂತ. ಅವ್ವ ತೀರಿಕೊಂಡ ಮೇಲೆ ನಾನು ಕೇಳಿ ಪಡೆದ ಒಂದೇ ಸಾಮಾನು ಅದು. ಬೇರೇನೂ ಹೊಳೆಯದೆ ಬರೆದೆ: 'ನಮ್ಮಲ್ಲಿ ಮನೆಮನೆಗೆ ಡಬ್ಬಿಯಲ್ಲಿ ತಿನಿಸು ಕೊಡುತ್ತೇವೆ, ಎಲ್ಲರಿಗೂ. ಪಡೆದವರು ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ.' ಬರೆದದ್ದು ನನಗೇ ಎಷ್ಟು ಹಿಡಿಸಿತೆಂದರೆ, ಇಂಥ ದೇಶವನ್ನು ಬಿಟ್ಟು ಬಂದೆನಲ್ಲ ಎಂದು ಅಲ್ಲೇ ಒಂದು ಹನಿ ಕಣ್ಣೀರೂ ಹಾಕಿದೆ.

ಮೊದಲ ಹಬ್ಬಕ್ಕೆ ಹೋಳಿಗೆ ಮಾಡಿ ಅದೇ ಡಬ್ಬಿಯಲ್ಲಿ ಒಂದೊಂದೇ ಮನೆಗೆ ಕೊಟ್ಟೆ. ಎಲ್ಲರೂ ತಿಂದು, ತೊಳೆದು, ನಕ್ಕು, ಖಾಲಿ ಡಬ್ಬಿ ಕೊಟ್ಟರು. ನಾಲ್ಕನೇ ಮಹಡಿಯ ಝಾವೆಲ್ ಒಬ್ಬನು ಮಾತ್ರ ಮೂರನೇ ಮಹಡಿಯ ತಿರುವಿನ ಕಿಟಕಿಕಟ್ಟೆಯ ಮೇಲೆ ಡಬ್ಬಿ ಇಟ್ಟು ಹೋಗಿದ್ದ, ಒಳಗೆ ಉಪ್ಪಿನಲ್ಲಿ ನೆನೆಹಾಕಿದ ಪ್ಲಮ್ಮು ತುಂಬಿ. ಪ್ಲಮ್ಮು ಬಂದಮೇಲೆ ನಾನು ಖಾಲಿ ಕೊಡುವುದು ಹೇಗೆ? ಗೋಧಿ-ಬೆಲ್ಲದ ಮಾದಲಿ ಹಾಕಿಟ್ಟೆ. ಮಾದಲಿ ಹೋದಮೇಲೆ ಅವನು ಖಾಲಿ ಕೊಡುವುದು ಹೇಗೆ? ಹೀಗೆ ಏಳು ವರ್ಷ. ಮಂಗಳವಾರ ಡಬ್ಬಿ ಮೇಲೆ ಹೋಗುತ್ತಿತ್ತು, ಶುಕ್ರವಾರ ಕೆಳಗೆ ಬರುತ್ತಿತ್ತು. ಅವನು ಹೊಗೆಯಲ್ಲಿ ಒಣಗಿಸಿದ ಮೀನು ಇಟ್ಟಾಗ ಮೊದಮೊದಲು ಅದನ್ನು ಬೆರ್ನೋನ ಬೆಕ್ಕಿಗೆ ಹಾಕುತ್ತಿದ್ದೆ. ನಮ್ಮ ಮನೆತನದವರು ಮೊಟ್ಟೆಯ ಹೆಸರನ್ನೂ ಪಿಸುದನಿಯಲ್ಲಿ ಹೇಳುವವರು. ಎರಡನೇ ವರ್ಷ ಬೆಕ್ಕಿಗೆ ಅರ್ಧ ಸಿಕ್ಕಿತು. ಮೂರನೇ ವರ್ಷದಿಂದ ಬೆಕ್ಕು ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ.

ಝಾವೆಲ್ ಟ್ರಾಮ್ ಓಡಿಸುತ್ತಿದ್ದ. ನಾನು ಟ್ರಾಮ್ ಡಿಪೋದಲ್ಲಿ ಸೀಟುಗಳಿಗೆ ಬಟ್ಟೆ ಹೊಲಿಯುತ್ತಿದ್ದೆ. ದಿನಾ ಅವನ ಬೆನ್ನ ಹಿಂದಿನ, ನಾನೇ ಹೊಲಿದ ಹಸಿರು ಸೀಟಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತಿದ್ದೆ. ಸೇತುವೆ ದಾಟುವಾಗ ಅವನು ಟೋಪಿ ತೆಗೆಯುತ್ತಿದ್ದ, ಅದು ಅವನು ತಂದ ವಾಡಿಕೆ. ಆಗ ಅವನ ನೆತ್ತಿಯ ಮೇಲೊಂದು ಸುಳಿ ಕಾಣಿಸುತ್ತಿತ್ತು. ಚಾಲಕರೊಡನೆ ಮಾತನಾಡಬಾರದು ಎಂಬ ಬೋರ್ಡು ನಮ್ಮಿಬ್ಬರ ನಡುವೆ ನೇತಾಡುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ತಲೆಬಾಗಿ, ಮುಖ ಕೆಂಪಗೆ ಮಾಡಿಕೊಂಡು, ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆವು. ಹೇಳುವುದೆಲ್ಲ ಡಬ್ಬಿಯೇ ಹೇಳುತ್ತಿತ್ತು. ನನಗೆ ಜ್ವರ ಬಂದ ವಾರ ಅದರಲ್ಲಿ ಸಪ್ಪೆ ಗಂಜಿ ಬಂದಿತ್ತು, ನಾನು ಯಾರಿಗೂ ಹೇಳಿರದಿದ್ದರೂ.

ಆದ್ದರಿಂದ ಪರೀಕ್ಷೆಯ ಕಾಗದ ಬಂದಾಗ ಅದನ್ನು ನಿಂತಲ್ಲೇ ಮೂರು ಸಲ ಓದಿದೆ. ಡಬ್ಬಿ ನಿಂತರೆ ಶುಕ್ರವಾರ ನಿಂತಂತೆ. ಶುಕ್ರವಾರ ನಿಂತರೆ ಆ ಮನುಷ್ಯನಿಗೂ ನನಗೂ ನಡುವೆ ಉಳಿಯುವುದು ಆ ಬೋರ್ಡೊಂದೇ.

ಸಾಕ್ಷಿ ರಕ್ತಸಂಬಂಧಿಯಾಗಿರಬೇಕು, ಊರಿನಿಂದಲೇ ಬರಬೇಕು. ಯಾವ ವಾಡಿಕೆಯ ಪರೀಕ್ಷೆ ಎಂದು ಅವರಿಗೆ ಹೇಳುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ, ಕೆಮ್ಮುವಂತಿಲ್ಲ. ಕಚೇರಿಯವರು ಬಾಯಿಯನ್ನು ನಂಬುವುದಿಲ್ಲ, ಕೈಯನ್ನು ನೋಡುತ್ತಾರೆ. ನನ್ನ ಸೋದರಮಾವ ಮಾಗುಂಡಪ್ಪ ನಾನು ಫೋನಿನಲ್ಲಿ ಮಾತು ಮುಗಿಸುವ ಮೊದಲೇ ಒಪ್ಪಿಕೊಂಡ. "ಬರ್ತೀನವ್ವ! ಪಾಸ್‌ಪೋರ್ಟ್ ಮಾಡಿಸಿ ನಾಲ್ಕ್ ವರ್ಷ ಆತು, ಕಪಾಟಿನ್ಯಾಗ ಕುಂತು ಕುಂತು ಅದಕ್ಕ ಬ್ಯಾಸರಾಗೇತಿ. ಏನ್ ಸಾಕ್ಷಿ ಹೇಳ್ಬೇಕು? ಕೊಲಿ ಕೇಸೇನು?"

"ಏನೂ ಹೇಳೂದು ಬ್ಯಾಡ ಮಾವ. ಸುಮ್ನ ಬಂದು ಐದು ದಿನ ಇದ್ದು ಹೋದ್ರ ಸಾಕು. ಮನ್ಯಾಗ ಒಬ್ಬಾಕಿ ಕುಂತಿರ್ತಾಳ, ಅಷ್ಟ."

"ಯಾಕ ಕುಂತಿರ್ತಾಳ?"

"ಅದನ್ನ ಕೇಳ್ಬ್ಯಾಡ."

"ಚಲೋ ಊರ್ ನೋಡವ್ವ!" ಎಂದು ಮಾವ ಖುಷಿಯಿಂದ ಕೂಗಿದ.

ಮಾವ ಮೊದಲು ನಮ್ಮೂರಿನಲ್ಲಿ ಶಾಮಿಯಾನಾ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದವನು. ಈಗ ಅದೇ ಧಂದೆಗೆ ಈವೆಂಟ್ ಎಂದು ಹೆಸರಿಟ್ಟು, ಕೂದಲಿಗೆ ಕಪ್ಪು ಬಳಿದು, ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿದ್ದ. ನಿಲ್ದಾಣದಲ್ಲಿ ಇಳಿದವನೇ ನನ್ನನ್ನು ಅಪ್ಪಿಕೊಂಡದ್ದು ನೋಡಿ ನಾನು ಕಕ್ಕಾಬಿಕ್ಕಿಯಾದೆ. ನಮ್ಮ ಕಡೆ ಮಾವಂದಿರು ತಲೆ ಮುಟ್ಟುತ್ತಿದ್ದರು, ಹೆಚ್ಚೆಂದರೆ. "ಈಗ ಎಲ್ಲಾರೂ ಹಿಂಗ ಮಾಡ್ತಾರ," ಎಂದ. "ನೀ ಏನ್ ಹಳೇ ಕಾಲದಾಕಿ ಆಗೀಯಲ್ಲ! ಈ ಜಡಿ ಏನು, ಈ ಕುಂಕುಮ ಏನು. ನಮ್ಮ ಓಣ್ಯಾಗ ನಿನ್ನ ನೋಡಿದ್ರ ಸೀರಿಯಲ್ ಶೂಟಿಂಗ್ ಐತೇನು ಅಂತ ಕೇಳ್ತಾರ." ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಶೇಂಗಾ ಹೋಳಿಗೆ, ಕರದಂಟು, ಗುರೆಳ್ಳು ಚಟ್ನಿಪುಡಿ. ಎಲ್ಲವೂ ಅವನ ಈವೆಂಟ್ ಕಂಪನಿಯ ಹೆಸರು ಅಚ್ಚಾದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಮುಚ್ಚಳ ಒತ್ತಿದರೆ ಟಕ್ ಅನ್ನುವಂಥವು.

ಶುಕ್ರವಾರ ಬೆಳಿಗ್ಗೆ ವಾಡಿಕೆ ಕಚೇರಿಯ ತಿರೇನಾ ಬಂದಳು. ಬೂದು ಕೋಟು, ಚೂಪು ಮೂಗು, ಕಂಕುಳಲ್ಲಿ ಮಡಚುವ ಸ್ಟೂಲು, ಕೈಯಲ್ಲಿ ಉದ್ದನೆಯ ಪುಸ್ತಕ. ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿ ಕೂತಳು. ಅವಳು ಪರೀಕ್ಷೆಯ ಮನೆಯಲ್ಲಿ ನೀರನ್ನೂ ಮುಟ್ಟುವಂತಿಲ್ಲ, ಅಗತ್ಯವಿಲ್ಲದೆ ಮಾತಾಡುವಂತಿಲ್ಲ. ಮಾವನಿಗೆ ಇದು ಅರಗಲಿಲ್ಲ.

"ಯವ್ವಾ, ನಾಷ್ಟಾ ಆತೇನ್ ನಿಂದು?" ಎಂದ.

"ಆಕಿಗೆ ನಮ್ಮ ಮಾತು ತಿಳಿಯಂಗಿಲ್ಲ ಮಾವ. ತಿನ್ನೂದೂ ಇಲ್ಲ."

"ತಿನ್ನಂಗಿಲ್ಲ ಅಂದ್ರ? ಮನಿಗೆ ಬಂದಾಕಿ, ಒಲಿ ಮುಂದ ಕುಂತಾಕಿ, ಹಂಗ ಕುಂಡ್ರಬೇಕೇನು?" ತಟ್ಟೆಯಲ್ಲಿ ಎರಡು ಹೋಳಿಗೆ ಇಟ್ಟು, ತುಪ್ಪ ಸುರಿದು, ಅವಳ ಮೂಗಿನ ಕೆಳಗೆ ಹಿಡಿದ. ಅವಳು ತಲೆಯಾಡಿಸಿದಳು. "ಒಂದ. ಒಂದ ತಿನ್ನು." ತಲೆಯಾಡಿಸಿದಳು. "ಅರ್ಧ! ನನ್ನ ಆಣಿ." ಅವಳು ಪುಸ್ತಕ ತೆರೆದು ಒಂದು ಗೀಟು ಎಳೆದಳು. ಏನು ಬರೆದಳೋ.

ಅಂದು ಸಂಜೆ ಡಬ್ಬಿ ಮೇಲಿನಿಂದ ಬಂತು, ತುಂಬ ಹೊಗೆಮೀನು. ಮಾವ ಮುಚ್ಚಳ ತೆಗೆದು ಮೂಸಿದ, ನನ್ನ ಕಡೆ ನೋಡಿದ, ನಾನು ಸೂರು ನೋಡಿದೆ. "ನೀ ತಿಂತೀಯೇನು?" ಎಂದು ಪಿಸುಗುಟ್ಟಿದ. ನಾನು ಹೂಂ ಎಂದೆ. ಭೂಮಿ ಬಾಯಿ ಬಿಡುತ್ತದೆಂದು ಕಾದೆ. "ಸುಳ್ಳ ಹೆದರಿದ್ದೆ ನಾ," ಎಂದು ಮಾವ ಪಟ್ಟಾಗಿ ನೆಲದ ಮೇಲೆ ಕೂತ. "ಕೊಡು ಇಲ್ಲೆ. ನಮ್ಮಲ್ಲಿ ಈಗ ಸೋಮವಾರ ಒಂದ್ ಬಿಟ್ಟು ಎಲ್ಲಾ ವಾರ ನಡೀತೈತಿ, ನಿಮ್ಮ ಅತ್ತೀಗೆ ಹೇಳ್ಬ್ಯಾಡ ಮತ್ತ." ನಾನು ಇಷ್ಟು ವರ್ಷ ಫೋನಿನಲ್ಲಿ ಬರೀ ಅನ್ನ-ಸಾರು ಎಂದು ಸುಳ್ಳು ಹೇಳುತ್ತಿದ್ದಷ್ಟೂ ದಿನ ಅತ್ತ ಮಾವನೂ ಅದೇ ಸುಳ್ಳು ಹೇಳುತ್ತಿದ್ದ. ಇಬ್ಬರೂ ಬೆರಳು ಚೀಪಿಕೊಂಡು ತಿಂದು, ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡೆವು. ಮಾವ ಒಂದು ತುಂಡನ್ನು ತಿರೇನಾಳ ಮುಂದೆ ಹಿಡಿದ. ಅವಳು ಇನ್ನೊಂದು ಗೀಟು ಎಳೆದಳು.

ತಿಂದಾದ ಮೇಲೆ ಮಾವ ಎದ್ದು ಡಬ್ಬಿಯನ್ನು ಬೂದಿ ಬಣ್ಣದ ಸಾಬೂನಿನಲ್ಲಿ ತಿಕ್ಕಿ ತಿಕ್ಕಿ ತೊಳೆದ, ಒರೆಸಿದ, ಬೆಳಕಿಗೆ ಹಿಡಿದು ನೋಡಿ ಕಟ್ಟೆಯ ಮೇಲೆ ಬೋರಲು ಹಾಕಿದ. ಇನ್ನು ಮಂಗಳವಾರದವರೆಗೆ ಅದು ಅಲ್ಲೇ ಇರಬೇಕಿತ್ತು.

ಶನಿವಾರ ಮಾವ ಡಬ್ಬಿಯನ್ನು ನೆಟ್ಟಗೆ ಮಾಡಿದ. ಒಳಗೆ ಏನೋ ಹಾಕಿದ, ಟಣ್ ಎಂದು ಸದ್ದಾಯಿತು. ತಿರೇನಾ ಸ್ಟೂಲಿನಿಂದ ಅರ್ಧ ಎದ್ದು, ಕತ್ತು ಚಾಚಿ, ಪೆನ್ಸಿಲ್ ಗಾಳಿಯಲ್ಲಿ ನಿಲ್ಲಿಸಿದಳು. ನಾನೂ ಇಣುಕಿದೆ. ಮಾವನ ಬಿಪಿ ಮಾತ್ರೆಗಳು. ಇದು ತುಂಬಿಸಿದಂತೆ ಲೆಕ್ಕವೋ ಅಲ್ಲವೋ ಎಂದು ನಾವಿಬ್ಬರೂ, ಅಧಿಕಾರಿ ಮತ್ತು ಅರ್ಜಿದಾರಳು, ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿದೆವು. ಅಷ್ಟರಲ್ಲಿ ಮಾವ ಮಾತ್ರೆಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. "ಮರ್ತು ಹೋಗ್ತೀನಿ, ಕಿಸೇದಾಗ ಇರ್ಲಿ."

ಭಾನುವಾರ, ಸೋಮವಾರ ನನ್ನ ಕಾಲು ಒಂದೆಡೆ ನಿಲ್ಲಲಿಲ್ಲ. ಡಬ್ಬಿಯ ಪಕ್ಕ ಸಕ್ಕರೆಯ ಭರಣಿ ಇಟ್ಟರೆ ಸನ್ನೆಯಾಗುತ್ತದೆಂದು ಅದನ್ನು ದೂರ ಸರಿಸಿದೆ. ದೂರ ಸರಿಸಿದರೂ ಸನ್ನೆಯಾಗುತ್ತದೆಂದು ಮತ್ತೆ ಮೊದಲಿದ್ದಲ್ಲಿಟ್ಟೆ. ಮಾವ ಮಾತ್ರ ಹಾಯಾಗಿದ್ದ. ಬೆರ್ನೋನನ್ನು ಮಧ್ಯಾಹ್ನ ಎಚ್ಚರವಾಗಿಡಲು ಅವನ ಜೊತೆ ಇಸ್ಪೀಟು ಆಡಿ ಬರುತ್ತಿದ್ದ, ಮಾತು ಬಾರದೆಯೇ ಜಗಳವನ್ನೂ ಆಡಿ ಬರುತ್ತಿದ್ದ. ಬಂದವನೇ ತಿರೇನಾಳಿಗೆ ಏನಾದರೊಂದು ಒತ್ತಾಯ ಮಾಡುತ್ತಿದ್ದ. ಅವಳ ಹೊಟ್ಟೆ ಗುರುಗುಟ್ಟುವುದು ಈಗ ಅಡುಗೆಮನೆಯಾಚೆಗೂ ಕೇಳುತ್ತಿತ್ತು. ಅವಳ ಪುಸ್ತಕದಲ್ಲಿ ಗೀಟುಗಳು ಪುಟ ದಾಟಿದ್ದವು.

ಮಂಗಳವಾರ ಸಂಜೆ ಬಂತು. ಕಚೇರಿ ನನಗೆ ಒಂದೇ ಒಂದು ವಾಕ್ಯ ಹೇಳಲು ಅನುಮತಿ ಕೊಟ್ಟಿತ್ತು. ಅದನ್ನು ಅವರೇ ಬರೆದು ಕೊಟ್ಟಿದ್ದರು. ನಾನು ಗಂಟಲು ಸರಿಮಾಡಿಕೊಳ್ಳದೆ, ಏಕೆಂದರೆ ಅದೂ ಸನ್ನೆಯೇ, ಹೇಳಿದೆ: "ಮಾವ, ಈ ಡಬ್ಬಿ ನಾಲ್ಕನೇ ಮಹಡಿಗೆ ಹೋಗಬೇಕು."

ಮಾವ ಡಬ್ಬಿ ಎತ್ತಿಕೊಂಡ. ತಿರುಗಿಸಿದ. ಮುಚ್ಚಳದ ಮೇಲಿನ ಅಕ್ಷರದ ಮೇಲೆ ಹೆಬ್ಬೆರಳು ಓಡಿತು. "ಅಕ್ಕನ ಡಬ್ಬಿ," ಎಂದ. ಅವನ ಬಳಿದ ಕೂದಲಿನ ಕೆಳಗೆ ಮುಖ ಒಮ್ಮೆಲೇ ಎಳೆಯದಾಯಿತು. "ಇದನ್ನ ನಾನ ಕೆತ್ತಿಸಿದ್ದೆ, ಬಸ್‌ಸ್ಟ್ಯಾಂಡಿನ್ಯಾಗ ಕುಂತು." ಆಮೇಲೆ ಅದನ್ನು ಕಪಾಟಿನ ಅತ್ಯಂತ ಮೇಲಿನ ಹಲಗೆಯಲ್ಲಿಟ್ಟು, ಕೆಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು, ನಾಲ್ಕಲ್ಲ, ಆರು ಹೋಳಿಗೆ ಜೋಡಿಸಿ, ಟಕ್ ಎನಿಸಿ, ಮೆಟ್ಟಿಲು ಹತ್ತಿದ. ತಿರೇನಾ ಹಿಂದೆ ಓಡಿದಳು. ನಾನು ಅವಳ ಹಿಂದೆ. ಮೂರನೇ ಮಹಡಿಯ ತಿರುವಿನಿಂದ ಇಣುಕಿದರೆ, ಮಾವ ಬಾಗಿಲು ತಟ್ಟಿ, ಬಾಯಿ ತೆರೆದು ನಿಂತಿದ್ದ ಝಾವೆಲ್‌ನ ಕೈಗೆ ಡಬ್ಬಿ ತುರುಕಿ, ತಿನ್ನು ಎಂದು ಬಾಯಿಗೆ ಬೆರಳಿಟ್ಟು ತೋರಿಸಿ, ಬಿಸಾಕು ಎಂದು ಕೈ ಬೀಸಿ ತೋರಿಸಿ, ಬೆನ್ನು ತಟ್ಟಿ ಇಳಿದು ಬಂದ. "ಭಾಳ ಚಲೋ ಹುಡುಗ. ವಾಪಸ್ ಕೊಡೂದು ಬ್ಯಾಡಪಾ, ಒಗದ್ಬಿಡು ಅಂತ ಹೇಳೇನಿ. ಪಾಪ, ಮ್ಯಾಲೆ ಕೆಳಗ ಯಾಕ ಅಡ್ಡಾಡಬೇಕು ಅಂವ?"

ಅಡುಗೆಮನೆಗೆ ಮರಳಿ ತಿರೇನಾ ಪುಸ್ತಕದಲ್ಲಿ ಒಂದೇ ಪದ ಬರೆದಳು. ತಲೆಕೆಳಗಾಗಿ ಓದಿದರೂ ನನಗೆ ತಿಳಿಯಿತು: ನಿಂತಿದೆ.

ನಾನು ಕೂತುಬಿಟ್ಟೆ. ಐದು ದಿನದ ಬಾಯಿಬೀಗ ಒಡೆಯಿತು. "ಮಾವ, ಅವ್ವ ಜೀವಮಾನದಾಗ ಯಾರ ಡಬ್ಬೀನೂ ಖಾಲಿ ಕೊಟ್ಟಾಕಿ ಅಲ್ಲ! ಕೊಟ್ಟಿದ್ದು ವಾಪಸ್ ಬರ್ತಿತ್ತು, ಬಂದಿದ್ದು ಮತ್ತ ಹೋಗ್ತಿತ್ತು. ಅದೊಂದು ನೀವು ಉಳಿಸ್ಕೊಂಡಿಲ್ಲಲ್ಲ? ನೀವೆಲ್ಲಾ ಅಲ್ಲೆ ಕುಂತು ಏನ್ ಮಾಡಾಕತ್ತೀರಿ? ಒಗದ್ಬಿಡು ಅಂತ? ಎಲ್ಲಾದಕ್ಕೂ ಒಗದ್ಬಿಡು?"

ಮಾವ ಎದುರು ಕೂತ. ಸಿಟ್ಟಾಗಲಿಲ್ಲ. "ಇದಕ್ಕ ಕರಿಸಿದ್ದೇನು ನನ್ನ?" ಎಂದ. "ಮೊದ್ಲ ಹೇಳಿದ್ರ ನೂರು ಡಬ್ಬಿ ತುಂಬ್ತಿದ್ನಲ್ಲವ್ವ." ಆಮೇಲೆ, "ಒಂದ್ ಮಾತ್ ಕೇಳ್ತೀನಿ. ಅಕ್ಕನ ಡಬ್ಬಿ ಯಾರ್ಯಾರ ಮನಿಗೆ ಹೋಗ್ತಿತ್ತು?"

"ಎಲ್ಲಾರ ಮನಿಗೂ."

"ದುರ್ಗಪ್ಪನ ಮನಿಗೆ?"

ದುರ್ಗಪ್ಪನ ಮನೆ ಓಣಿಯ ಕೊನೆಯಲ್ಲಿ, ಚರಂಡಿಯ ಆಚೆ ಇತ್ತು. ನಮ್ಮ ಚಪ್ಪಲಿ ಹೊಲಿಯುತ್ತಿದ್ದ, ಹಬ್ಬಕ್ಕೆ ಹಲಗೆ ಬಾರಿಸುತ್ತಿದ್ದ. ಅವ್ವ ಅವನಿಗೂ ಹೋಳಿಗೆ ಕೊಡುತ್ತಿದ್ದಳು. ಕೊಡುತ್ತಿದ್ದಳು, ಮುತ್ತಲ ಎಲೆಯ ಮೇಲೆ. ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಎಲೆ ವಾಪಸ್ ಬರುವುದಿಲ್ಲ. ಬರಬಾರದೆಂದೇ ಎಲೆ.

"ಅವನ ಮೊಮ್ಮಗ ಪ್ರವೀಣ, ನಮ್ಮ ಅಕ್ಷತಾ ಲಗ್ನಾ ಮಾಡ್ಕೊಂಡಾಗ ನಾ ಒಂದ್ ವರ್ಷ ಮಾತಾಡಲಿಲ್ಲ, ನಿನಗೂ ಹೇಳಲಿಲ್ಲ," ಎಂದ ಮಾವ. ಅಕ್ಷತಾ ಅವನ ಒಬ್ಬಳೇ ಮಗಳು. "ಬೀಗರು ಮೊದಲ್ನೇ ಸಲ ಊಟಕ್ಕ ಕರದಾಗ ತಟ್ಟಿ ಮುಂದ ಕುಂತು ಕೈ ಆಡಲೇ ಒಲ್ಲದು. ಬೀಗತಿ ಬಂದು, ಅಣ್ಣಾರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಅಂದ್ಲು. ಒಲ್ಲೆ ಅಂದೆ. ಹಾಕೇಬಿಟ್ಲು. ಒಲ್ಲೆ ಅಂದ್ರ ಇನ್ನೊಂದು. ಐದು ರೊಟ್ಟಿ ತಿನಿಸಿದ್ಲವ್ವ ಆಕಿ ನನ್ನ! ಈ ಪ್ಲಾಸ್ಟಿಕ್ ಡಬ್ಬಿಗೆ ಓಣಿ ಯಾವುದು, ಚರಂಡಿ ಯಾವುದು ಗೊತ್ತಿಲ್ಲ. ಎಲ್ಲಾ ಮನಿಗೂ ಹೋಗ್ತೈತಿ. ಹೊಲಸು ಮಾಡ್ತೈತಿ ಊರ್ನ, ಇಲ್ಲನ್ನಂಗಿಲ್ಲ. ಫೋನ್ ಮಾಡ್ದ ಯಾರೂ ಯಾರ ಮನಿಗೂ ಹೋಗಂಗಿಲ್ಲ ಈಗ, ಅದೂ ಖರೇ. ನನಗೂ ಒಮ್ಮೊಮ್ಮಿ ಆ ಒಂಬತ್ತನೇ ಮಹಡಿ ಮ್ಯಾಲೆ ಎದಿ ಖಾಲಿ ಆಗ್ತೈತಿ. ಆದ್ರ ನೀ ಇಲ್ಲೆ ಕುಂತು ಎಲ್ಲಾರ ಮನಿಗೂ ಅಂತ ಬರೀಬ್ಯಾಡ."

"ಮಾವಾರ ಹೇಳೂದು ಬರೋಬ್ಬರಿ ಐತಿ," ಎಂದಳು ತಿರೇನಾ.

ಮಾವ ಅವಳ ಕಡೆ ತಿರುಗಿದ, ನಾನೂ ತಿರುಗಿದೆ. ಅವಳು ಸ್ಟೂಲು ಮಡಚುತ್ತ ನಮ್ಮೂರಿನ ಭಾಷೆಯಲ್ಲಿ, ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಹುಟ್ಟಿದವಳಂತೆ ಮಾತಾಡುತ್ತಿದ್ದಳು. "ಕಚೇರಿ ಕೆಲಸಕ್ಕ ಎಲ್ಲಾ ಭಾಷಿ ಕಲೀಬೇಕಾಗ್ತೈತಿ. ತೋರ್ಸೂ ಹಂಗಿಲ್ಲ, ಅಷ್ಟ. ಐದು ದಿನ ನಿಮ್ಮ ಮಾತಿಗೆ ನಗು ತಡಕೊಂಡು ನನ್ನ ಪಕ್ಕೆಲುಬು ನೋಯಾಕತ್ತಾವು. ಬನಶಂಕರಿ ಅವರ, ಏಳು ವರ್ಷದ ಹಿಂದ ನೀವು ಎಲ್ಲರಿಗೂ ಅಂತ ಬರದೀರಿ. ಖರೇ ಏನ್ರಿ?"

ಹೌದು ಎಂದಿದ್ದರೆ ಮೇಲ್ಮನವಿಗೆ ಅವಕಾಶವಿತ್ತು. ಇನ್ನೊಬ್ಬ ಸಾಕ್ಷಿ, ಇನ್ನೊಂದು ವರ್ಷ, ಐವತ್ತು ಶುಕ್ರವಾರ. ನನಗೆ ಪ್ಲಮ್ಮು, ಮೀನು, ಗಂಜಿ ಎಲ್ಲ ಕಣ್ಣ ಮುಂದೆ ಬಂದವು. ಅವುಗಳ ಹಿಂದೆ ಆ ಮುತ್ತಲ ಎಲೆಯೂ ಬಂತು.

"ಇಲ್ರಿ," ಎಂದೆ.

"ಅಂದ್ರ ನೀವು ಬರದಂಥಾ ವಾಡಿಕೆ ನಿಮ್ಮ ದೇಶದಾಗ ನಿಂತೂ ಇಲ್ಲ, ಇರಲೇ ಇಲ್ಲ. ನಿಂತಿದೆ ಅಂತ ಬರದದ್ದನ್ನ ಹೊಡದು ಹಾಕ್ತೀನಿ. ಪರವಾನಗಿ ಮೊದಲಿಂದನ ರದ್ದು." ಅವ್ವನ ಡಬ್ಬಿಯನ್ನು ಇಳಿಸಿ ಮುಚ್ಚಳಕ್ಕೆ ಅರಗು ಸುರಿದು ಮುದ್ರೆ ಒತ್ತಿದಳು. ಕೆತ್ತಿದ ಹೆಸರಿನ ಮೇಲೆ ಬೀಳದಂತೆ, ಪಕ್ಕಕ್ಕೆ. ಆಮೇಲೆ ಪುಸ್ತಕದ ಗೀಟುಗಳನ್ನು ಎಣಿಸಿದಳು. "ನಿಮ್ಮ ಹೆಸರಿನ ಮುಂದ ಈಗ ಜಾಗ ಖಾಲಿ ಐತಿ. ಸಾಕ್ಷಿದಾರರು ಒಲ್ಲೆ ಅಂದಾಕಿಗೆ ತಿನ್ನು ತಿನ್ನು ಅಂದದ್ದು ಐದು ದಿನದಾಗ ಎಪ್ಪತ್ಮೂರು ಸಲ. ಅವರ ಬೀಗತಿ ಚರಂಡಿ ಆಚೆ ಕುಂತು ಐದು ರೊಟ್ಟಿ ಹಾಕ್ಯಾರ. ಅಂದ್ರ ಇದು ಎರಡೂ ಕಡಿ ನಡೀತೈತಿ, ಜೋರೈತಿ. ಇದನ್ನ ಬರೀಲೇನು?" ನಾನು ಈ ಊರಿನಲ್ಲಿ ಒತ್ತಾಯ ಮಾಡಿ ಬಡಿಸುವುದನ್ನು ಬಿಟ್ಟೇ ಬಿಟ್ಟಿದ್ದೆ. ಇಲ್ಲಿ ಬೇಡ ಎಂದರೆ ಬೇಡ ಅಷ್ಟೆ. ಬರೆಯಿರಿ ಎಂದೆ. ಅವಳು ಬರೆದು, ಸಹಿ ಹಾಕಿ, ಕೈಕುಲುಕಿ, "ಈಗ ಡ್ಯೂಟಿ ಮುಗೀತು," ಎಂದು ಇಡೀ ಒಂದು ಶೇಂಗಾ ಹೋಳಿಗೆಯನ್ನು ನಿಂತಲ್ಲೇ ಎರಡು ತುತ್ತಿಗೆ ಮುಗಿಸಿದಳು. ಮಾವ ಅಳುವುದೊಂದು ಬಾಕಿ.

ಅವಳು ಹೋದಮೇಲೆ ನಾನು ಕಟ್ಟೆ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

"ಏನಾತೀಗ?" ಎಂದ ಮಾವ.

"ಏನಿಲ್ಲ. ನಾಲ್ಕನೇ ಮಹಡಿಗೆ ಇನ್ನ ಏನೂ ಹೋಗಂಗಿಲ್ಲ."

ಮಾವ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಈವೆಂಟ್ ಮಾಡುವವನು, ನೂರಾರು ಮದುವೆಗೆ ಪೆಂಡಾಲು ಹಾಕಿದವನು. "ಓಹೋಹೋ," ಎಂದ ನಿಧಾನವಾಗಿ. "ಡಬ್ಬಿಗೆ ಮುದ್ರಿ ಬಿತ್ತು. ನಿನ್ನ ಕಾಲಿಗೆ ಬಿದ್ದೈತೇನು?"

"ಏನಂತ ಹೋಗ್ಲಿ ಮಾವ? ಕೈಯಾಗ ಏನೂ ಇಲ್ದ?"

"ಕೈ ಬೀಸ್ಕೋಂತ ಹೋಗು. ಹೋಗ್ ಹೋಗ್, ನನಗ ನಾಚಿಕಿ ಬರಾಕತ್ತೈತಿ, ಇಲ್ಲೆ ನಿಂತು ನೋಡಾಕ ಆಗೂದಿಲ್ಲ!" ಎಂದು ನನ್ನನ್ನು ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡ.

ಏಳು ವರ್ಷದಲ್ಲಿ ಮೂರನೇ ಮಹಡಿಯ ತಿರುವನ್ನು ನಾನು ದಾಟಿದ್ದು ಆ ಮೊದಲ ಹಬ್ಬದಂದು ಒಂದೇ ಸಲ. ಈಗ ಒಂದೊಂದೇ ಮೆಟ್ಟಿಲು ಹತ್ತಿದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿದೆ, ಎದೆಯ ಮುಂದೆ ಕಟ್ಟಿದೆ, ಕೊನೆಗೆ ಒಂದು ಕೈಯಿಂದ ಬಾಗಿಲು ತಟ್ಟಿದೆ.

ಝಾವೆಲ್ ತಕ್ಷಣ ತೆರೆದ, ಬಾಗಿಲ ಹಿಂದೆಯೇ ನಿಂತಿದ್ದವನಂತೆ. ಅವನ ಕೈಯಲ್ಲಿ ಮಾವನ ಪ್ಲಾಸ್ಟಿಕ್ ಡಬ್ಬಿ ಇತ್ತು, ತೊಳೆದದ್ದು. ಬೆವರಿದ್ದ. "ಇದನ್ನು ಎಸೆಯಬೇಕೆಂದು ಆ ಹಿರಿಯರು ತೋರಿಸಿದರು," ಎಂದ. "ಅರ್ಧ ಗಂಟೆಯಿಂದ ಹಿಡಿದುಕೊಂಡು ನಿಂತಿದ್ದೇನೆ. ಎಸೆದರೆ ಏನಾಗುತ್ತದೆ? ನನ್ನನ್ನು ಕಚೇರಿಗೆ ಕರೆಸುತ್ತಾರೆಯೇ?"

"ನಿಮ್ಮನ್ನೇಕೆ?"

"ಕೆಳಗಿನ ಹಲಗೆಯಲ್ಲಿ ಬರೆದಿದೆಯಲ್ಲ. ಎರಡನೇ ಮಹಡಿ: ಡಬ್ಬಿ ಖಾಲಿ ಹಿಂದಿರುಗಬಾರದು. ಅದು ನಿಯಮವಲ್ಲವೇ? ಪಡೆದವನಿಗೂ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ನಿಮಗೆ ಯಾವ ನಿಯಮವೂ ಇರಲಿಲ್ಲ. ಎಲ್ಲರೂ ಖಾಲಿ ಕೊಟ್ಟರು. ನೀವೊಬ್ಬರೇ ತುಂಬಿ ಕೊಟ್ಟಿರಿ. ಮತ್ತೆ, ಆ ವಾಡಿಕೆ ಇವತ್ತು ರದ್ದಾಯಿತು. ನಾನು ಬರೆದ ಹಾಗೆ ಅದು ನಮ್ಮ ದೇಶದಲ್ಲಿ ಎಂದೂ ಇರಲೇ ಇಲ್ಲವಂತೆ. ಅಂದರೆ ಅದು ಎಲ್ಲೂ ಇರಲಿಲ್ಲ, ಈ ಮೆಟ್ಟಿಲ ಮೇಲೆ ಬಿಟ್ಟು."

"ಹಾಗಾದರೆ ನಾನು ಇನ್ನು ಏನೂ ಇಡಬೇಕಾಗಿಲ್ಲ?"

"ಇಲ್ಲ," ಎಂದೆ. ನನ್ನ ದನಿ ತೀರ ಸಣ್ಣದಾಗಿತ್ತು.

ಅವನು ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದ. ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು. "ಮೊದಲ ಎರಡು ವರ್ಷ ಹೆದರಿಕೆಯಿಂದ ಅಡುಗೆ ಕಲಿತೆ," ಎಂದ. "ಪ್ರತಿ ಗುರುವಾರ, ನಾಳೆ ಡಬ್ಬಿಗೆ ಏನು ಹಾಕಲಿ, ಏನೂ ಹಾಕದಿದ್ದರೆ ಗಡಿಪಾರು ಮಾಡುತ್ತಾರೇನೋ ಎಂದು. ಆಮೇಲೆ ಯಾವುದೋ ಒಂದು ಗುರುವಾರ ಹೆದರುವುದು ಮರೆತುಹೋಯಿತು. ನಾನು ಗಮನಿಸಲೇ ಇಲ್ಲ." ಟೋಪಿಯಿಲ್ಲದ ತಲೆ ಎತ್ತಿ ನೋಡಿದ. ನನಗೆ ಅವನ ಮುಖ ಇಷ್ಟು ಹತ್ತಿರದಿಂದ ಗೊತ್ತೇ ಇರಲಿಲ್ಲ. ಎಡಗೆನ್ನೆಯ ಮೇಲೆ ಹಿಟ್ಟು ಅಂಟಿತ್ತು. "ಉಳಿದ ಐದು ವರ್ಷದ್ದನ್ನು ಫಾರಮ್ಮಿನಲ್ಲಿ ಏನೆಂದು ಬರೆಯುತ್ತಾರೆ?"

"ಅದಕ್ಕೆ ಫಾರಮ್ಮು ಇಲ್ಲ ಅನ್ನಿಸುತ್ತದೆ," ಎಂದೆ.

ಒಳಗಿನಿಂದ ಏನೋ ಕೊತಕೊತ ಕುದಿಯುವ ಸದ್ದು, ಬೆಳ್ಳುಳ್ಳಿಯ ಘಮ. ಅವನು ಧಡಕ್ಕನೆ ಎದ್ದು, ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಗೂ ಕೊಡದೆ, ಎಸೆಯಲೂ ಇಲ್ಲದೆ, ಕಿಟಕಿಯಲ್ಲಿದ್ದ ಒಂದು ಸಣ್ಣ ಗಿಡದ ಕುಂಡದ ಕೆಳಗೆ ತಟ್ಟೆಯಂತೆ ಸಿಕ್ಕಿಸಿ ಒಳಗೋಡಿದ. "ಬನ್ನಿ," ಎಂದು ಅಲ್ಲಿಂದಲೇ ಕೂಗಿದ. "ಇದನ್ನು ಯಾವ ಡಬ್ಬಿಯಲ್ಲೂ ಕೆಳಗೆ ತರಲು ಆಗುತ್ತಿರಲಿಲ್ಲ, ತುಂಬ ತೆಳು, ಚೆಲ್ಲುತ್ತದೆ. ಅದಕ್ಕೇ ನಿಮಗೆ ಇದುವರೆಗೆ ಕೊಟ್ಟೇ ಇಲ್ಲ. ಇದು ನನಗೆ ಬರುವ ಅಡುಗೆಯಲ್ಲೆಲ್ಲ ಒಳ್ಳೆಯದು."

ನಾನು ಬರಿಗೈಯಲ್ಲಿ ಒಳಗೆ ಹೋದೆ. ಒಲೆಯ ಮೇಲೆ ಒಂದು ದೊಡ್ಡ ಪಾತ್ರೆ, ಇಬ್ಬರು ಹಿಡಿದರೂ ಎತ್ತಲಾಗದಂಥದು. ನನ್ನ ಕೈಗಳು ಇನ್ನೂ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದುದನ್ನು ನೋಡಿ ಝಾವೆಲ್ ಅವಕ್ಕೊಂದು ಸೌಟು ಕೊಟ್ಟ.

"ತಿರುವುತ್ತ ಇರಿ," ಎಂದ, "ನಿಲ್ಲಿಸಿದರೆ ತಳ ಹಿಡಿಯುತ್ತದೆ."